ಕೊನೆಯ ಎರಡು ಸೊನ್ನೆ

ಐದರ ಗುಂಡಿಯ ಮೇಲಿನ ಚುಕ್ಕೆ ಹೆಬ್ಬೆರಳಿಗೆ ಸಿಕ್ಕಿತು. ಅಲ್ಲಿಂದ ಒಂದು ಸಾಲು ಕೆಳಗಿಳಿದು, ಒಂದು ಮನೆ ಬಲಕ್ಕೆ ಸರಿದರೆ ಒಂಬತ್ತು. ಒಂಬತ್ತನ್ನು ಒತ್ತಿ, ಇನ್ನೊಂದು ಸಾಲು ಇಳಿದು, ನಡುವಿನ ಸೊನ್ನೆಯನ್ನು ಎರಡು ಸಲ ಒತ್ತಿದ. ಕೊನೆಗೆ ಬಲಮೂಲೆಯ ಗುಂಡಿ, ಮೇಲೆ ಸಣ್ಣ ಬಳೆಯಂತೆ ಉಬ್ಬಿರುವುದು. ಅದೂ ಆಯಿತು. ಬೆತ್ತದಣ್ಣ ಉಸಿರು ಬಿಗಿಹಿಡಿದು ಮಷಿನನ್ನು ಎರಡೂ ಕೈಯಲ್ಲಿ ಕೌಂಟರಿನ ಆಚೆಗೆ ಚಾಚಿದ.

"ಕಾರ್ಡ್ ತಾಗಿಸಿ ಡಾಕ್ಟ್ರೇ."

ಹಲ್ಲಿನ ಡಾಕ್ಟರು ತಾಗಿಸಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮಷಿನ್ ಕುಂಯ್ ಅಂದು, ಹೊಟ್ಟೆಯೊಳಗೆ ಕರಕರ ಸದ್ದು ಮಾಡಿ, ಬೆಚ್ಚಗಿನ ಚೀಟಿಯೊಂದನ್ನು ಅವನ ಬೆರಳಿಗೆ ತಂದುಕೊಟ್ಟಿತು. ಐವತ್ತಾರು ವರ್ಷದ ಮನುಷ್ಯ ಅಂಗಡಿಯ ನಡುವೆ ಕುಣಿಯುವುದು ಚೆನ್ನಾಗಿರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವನು ಕುಣಿಯಲಿಲ್ಲ.

"ಸರಿಹೋಯ್ತಾ ಡಾಕ್ಟ್ರೇ?"

"ಹಾಂ... ಹೋಯ್ತು, ಹೋಯ್ತು."

ಹಾಗೆಂದರೂ ಡಾಕ್ಟರು ಅಲ್ಲೇ ನಿಂತಿದ್ದರು. ಅವರ ಬೂಟಿನ ಸದ್ದು ಬಾಗಿಲ ಕಡೆ ನಾಲ್ಕು ಹೆಜ್ಜೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಎರಡು ಕೈಯಲ್ಲಿ ಎರಡು ಕುರ್ಚಿ ಎತ್ತಿಕೊಂಡವರು ಬಾಗಿಲಲ್ಲಿ ತಡವರಿಸುವುದು ಸಹಜ ಎಂದುಕೊಂಡ ಬೆತ್ತದಣ್ಣ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹರಿದುಹೋದ ಬೆತ್ತದ ಕುರ್ಚಿಗಳನ್ನು ಹೊಸದಾಗಿ ಹೆಣೆದುಕೊಡುವುದು ಅವನ ಕಸುಬು. ಆರನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಣ್ಣನ್ನೂ ತೆಗೆದುಕೊಂಡು ಹೋಗಿತ್ತು. ಹದಿನಾಲ್ಕಕ್ಕೆ ಕಲಿತ ಈ ಕೆಲಸ ಕೈಹಿಡಿಯಿತು. ಬೋಗುಣಿಯ ನೀರಿನಲ್ಲಿ ನೆನೆದ ಬೆತ್ತದ ಎಳೆಯನ್ನು ಎತ್ತಿ ಹೆಬ್ಬೆರಳಲ್ಲಿ ಸವರಿದರೆ ನುಣ್ಣನೆಯ ಮೈ ಯಾವುದು, ಒರಟು ಮೈ ಯಾವುದು ಎಂದು ತಿಳಿಯುತ್ತಿತ್ತು. ಚೌಕಟ್ಟಿನ ತೂತುಗಳಿಗೆ ಎಳೆ ಪೋಣಿಸಿ, ಜಾರದಂತೆ ಸಣ್ಣ ಮರದ ಬೆಣೆ ಸಿಕ್ಕಿಸಿ, ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು, ಓರೆಯಾಗಿ ಎರಡು ಹೆಣೆದರೆ ಒಂದು ಕುರ್ಚಿ ಮುಗಿದಂತೆ. ಕಣ್ಣಿದ್ದವರು ಈ ಕೆಲಸದಲ್ಲಿ ಸುಮ್ಮನೆ ಅವಸರ ಮಾಡುತ್ತಾರೆ ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು.

ಅಂಗಡಿಗೊಂದು ರೂಢಿಯಿತ್ತು. ಮುಗಿದ ಕುರ್ಚಿಯನ್ನು ನಡುವಿಗೆ ಎಳೆದಿಟ್ಟು, "ದುಡ್ಡಿನ ಮಾತು ಆಮೇಲೆ, ಮೊದಲು ಕೂತು ನೋಡಿ" ಎನ್ನುತ್ತಿದ್ದ. ಗಿರಾಕಿ ಕೂರುತ್ತಿದ್ದರು. ಇವನು ತಲೆ ಓರೆ ಮಾಡಿ ಕಿವಿಗೊಡುತ್ತಿದ್ದ. ಹೊಸ ಹೆಣಿಗೆ ಮೈಭಾರಕ್ಕೆ ಒಂದೇ ಸಲ ಮೆಲ್ಲಗೆ ನರಳಿ ಸುಮ್ಮನಾಗಬೇಕು. ಎರಡನೇ ಸಲ ನರಳಿತೋ, ಎಲ್ಲೋ ಒಂದು ಎಳೆ ಸಡಿಲ. ಆಗ ಎಷ್ಟು ಹೇಳಿದರೂ ದುಡ್ಡು ಮುಟ್ಟುತ್ತಿರಲಿಲ್ಲ, ಕುರ್ಚಿಯನ್ನು ವಾಪಸು ಒಳಗೆ ಎಳೆದುಕೊಳ್ಳುತ್ತಿದ್ದ. ಸದ್ದು ಸರಿಯಿದ್ದರೆ ನೋಟನ್ನು ಬೆರಳಿನ ಉದ್ದಕ್ಕೆ ಹಿಡಿದು ಅಳೆದು, ನಾಣ್ಯದ ಅಂಚನ್ನು ಉಗುರಲ್ಲಿ ಕೆರೆದು ತೆಗೆದುಕೊಳ್ಳುತ್ತಿದ್ದ. ಮೂವತ್ತು ವರ್ಷದಲ್ಲಿ ಅವನಿಗೆ ಟೋಪಿ ಹಾಕಿದವರು ಇಬ್ಬರೇ, ಅದರಲ್ಲೂ ಒಬ್ಬ ಸ್ವಂತ ಚಿಕ್ಕಪ್ಪ.

ಈಗೀಗ ನೋಟು ತರುವವರೇ ಇಲ್ಲವಾದರು. "ಕಾರ್ಡ್ ತಗೋತೀರಾ?" ಎಂದು ಕೇಳಿ, ಇಲ್ಲವೆಂದರೆ "ಹಾಗಾದ್ರೆ ಸಂಜೆ ಬರ್ತೀನಿ" ಎಂದು ಹೋದವರ ಸಂಜೆ ತಿಂಗಳು ಕಳೆದರೂ ಆಗುತ್ತಿರಲಿಲ್ಲ. ಹೆಣೆದು ಮುಗಿದ ಐದು ಕುರ್ಚಿಗಳು ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು. ತಂಗಿ ಅದನ್ನೇ ಹಿಡಿದುಕೊಂಡಳು.

ದೊಡ್ಡ ರಸ್ತೆಯಲ್ಲಿ ಅವಳ ಗಂಡನದು ಪೀಠೋಪಕರಣಗಳ ಅಂಗಡಿ. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ಅವಳೇ. ವಾರಕ್ಕೊಮ್ಮೆ ಅಣ್ಣನ ಅಂಗಡಿಗೆ ಬಂದರೆ ಮಾತ್ರ ಕೂರುತ್ತಿರಲಿಲ್ಲ. ಬಂದವಳೇ ಪೊರಕೆ ಹಿಡಿದು, ಬೋಗುಣಿಯ ನೀರು ಬದಲಿಸಿ, ನಿಂತೇ ಮಾತಾಡಿ ಹೊರಟುಬಿಡುತ್ತಿದ್ದಳು.

"ಅಂಗಡಿ ಬಾಡಿಗೆ ದಂಡ ಅಣ್ಣ. ನಮ್ಮ ಗೋದಾಮಲ್ಲಿ ಜಾಗ ಇದೆ. ನೀನು ಆರಾಮಾಗಿ ಹೆಣೀತಾ ಕೂತಿರು. ಗಿರಾಕಿಗಳ ಜೊತೆ ತಲೆ ಚಚ್ಕೊಳ್ಳೋದು ನಮಗಿರ್ಲಿ. ತಿಂಗಳಿಗೆ ಇಷ್ಟು ಅಂತ ಕೈಗೆ ಕೊಟ್ಬಿಡ್ತೀವಿ."

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಕಷ್ಟವೂ ಅದೇ. ಕಪಟವಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಅಕ್ಷರ ಕಲಿತ ದಿನದಿಂದ ಅವನ ಬೆರಳು ಹಿಡಿದು ಬೀದಿಯಲ್ಲಿ ನಡೆಸಿದವಳು. "ಓದು ಪುಟ್ಟಿ" ಎಂದರೆ ಸಾಕು, ಸೋಡದಂಗಡಿಯಿಂದ ಹಿಡಿದು ಶವಪೆಟ್ಟಿಗೆಯ ಅಂಗಡಿಯವರೆಗೆ ಪ್ರತಿಯೊಂದು ಬೋರ್ಡನ್ನೂ ಒಂದೊಂದೇ ಅಕ್ಷರವಾಗಿ ಓದಿ ಹೇಳುತ್ತಿದ್ದಳು. ಅಂಥವಳಿಗೆ ಹೇಗೆ ಹೇಳುವುದು, ಗೋದಾಮಿಗೆ ಕುರ್ಚಿ ಬರುತ್ತವೆ, ಕೂರುವವರು ಬರುವುದಿಲ್ಲ ಎಂದು? ಆ ಒಂದು ನರಳುವ ಸದ್ದು, ಆಮೇಲೆ ಗಿರಾಕಿ ಬಿಡುವ ಉಸಿರು, ಅದಿಲ್ಲದೆ ಬರಿಯ ಚೌಕಟ್ಟು ಚೌಕಟ್ಟು ಹೆಣೆಯುತ್ತ ಕೂರುವುದನ್ನು ನೆನೆದರೆ ಅವನಿಗೆ ಭಯವಾಗುತ್ತಿತ್ತು.

"ಒಂದು ತಿಂಗಳು ಟೈಮ್ ಕೊಡು ಪುಟ್ಟಿ," ಎಂದಿದ್ದ. "ನಾನೇ ಕಾರ್ಡ್ ಮಷಿನ್ ಇಟ್ಕೊಂಡು ನಡೆಸ್ತೀನಿ. ಆಗ್ಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ, ಗೋದಾಮು."

"ಆಮೇಲೆ ಮಾತು ತಪ್ಪಬಾರ್ದು."

"ತಪ್ಪಲ್ಲ."

"ಸರಿ," ಎಂದಳು ಅವಳು. ಮನೆಯ ಊಟದ ಮೇಜಿನ ಒಂದು ಕುರ್ಚಿಯ ಬೆತ್ತ ಜೋತುಬಿದ್ದಿತ್ತು, ಅದನ್ನೂ ತಂದು ಮೂಲೆಯಲ್ಲಿ ನಿಲ್ಲಿಸಿದಳು. "ಪುರುಸೊತ್ತಾದಾಗ ಇದನ್ನೂ ಒಂಚೂರು ನೋಡು." ಮನೆಯ ಕುರ್ಚಿಗಳಿಗೆ ದುಡ್ಡಿನ ಮಾತು ಯಾವತ್ತೂ ಬಂದಿರಲಿಲ್ಲ.

ಬ್ಯಾಂಕಿನವಳು ಮೊದಲು ತಂದದ್ದು ನುಣ್ಣನೆಯ ಗಾಜಿನ ಮಷಿನ್. ಬೆತ್ತದಣ್ಣ ಅದರ ಮೇಲೆ ಬೆರಳಾಡಿಸಿ, "ಇದು ಕನ್ನಡಿ ಥರ ಇದೆಯಲ್ಲಮ್ಮ, ನಾನು ಕನ್ನಡಿ ಇಟ್ಕೊಂಡು ಯಾರಿಗೆ ತೋರಿಸ್ಲಿ?" ಎಂದ. ಅವಳು ನಕ್ಕು, ನಗಬಾರದಿತ್ತೇನೋ ಎಂದು ನಾಲಿಗೆ ಕಚ್ಚಿಕೊಂಡಳು. ಎರಡು ದಿನ ಬಿಟ್ಟು, ಬ್ಯಾಂಕಿನ ಯಾವುದೋ ಬೀರುವಿನ ತಳದಿಂದ ಗುಂಡಿಗಳಿರುವ ಹಳೆಯ ಮಷಿನೊಂದನ್ನು ಹುಡುಕಿ ತಂದಳು. ಐದರ ಮೇಲೆ ಚುಕ್ಕೆ, ಬಲಮೂಲೆಯಲ್ಲಿ ಬಳೆ, ಎಡಮೂಲೆಯಲ್ಲಿ ಅಡ್ಡಗೀಟು. "ಎಷ್ಟು ಬೇಕೋ ಅಷ್ಟು ಒತ್ತಿ, ಹಸಿರು... ಅಲ್ಲ, ಬಳೆ ಇರೋದನ್ನ ಒತ್ತಿ. ತಪ್ಪಾದ್ರೆ ಗೀಟಿರೋದು. ಅಷ್ಟೇ ಅಂಕಲ್." ಒಳ್ಳೆಯ ಹುಡುಗಿ. ಹತ್ತು ನಿಮಿಷ ಕೂತು ಹೇಳಿಕೊಟ್ಟಳು. ಒಂದು ಮಾತು ಹೇಳುವುದನ್ನು ಮಾತ್ರ ಮರೆತಳು. ಕಣ್ಣಿದ್ದವರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಪರದೆಯ ಮೇಲೆ ಅದು ತಾನಾಗಿಯೇ ಕಾಣುತ್ತಿತ್ತು.

ಹಲ್ಲಿನ ಡಾಕ್ಟರು ಮೊದಲ ಬೋಣಿ. ಬಾಗಿಲಿಗೆ ತಂಗಿ ಬರೆಸಿಕೊಟ್ಟ 'ಇಲ್ಲಿ ಕಾರ್ಡ್ ತೆಗೆದುಕೊಳ್ಳುತ್ತೇವೆ' ಎಂಬ ಬೋರ್ಡು ತೂಗುಹಾಕಿದ ಮೇಲೆ ಧೂಳು ತಿನ್ನುತ್ತಿದ್ದ ಐದರಲ್ಲಿ ಮೂರು ಕುರ್ಚಿ ಮನೆ ಸೇರಿದವು. ಮೂರನೆಯ ದಿನ ಗಂಜಿ ಮತ್ತು ಬಿಸಿ ಬಟ್ಟೆಯ ವಾಸನೆಯೊಂದು ಒಳಗೆ ಬಂತು. ಹಿಂದಿನ ಬೀದಿಯ ಲಾಂಡ್ರಿಯಾಕೆ. ಹೋದ ವಾರ ಬಿಟ್ಟುಹೋಗಿದ್ದ ಕೈಕುರ್ಚಿಗಾಗಿ ಬಂದಿದ್ದಳು. ಕೂತು ನೋಡಿ ಎಂದಾಗ ಕೂತಳು. ಹೆಣಿಗೆ ಒಮ್ಮೆ ನರಳಿ ಸುಮ್ಮನಾಯಿತು. ಆದರೆ ಅವಳು ಏಳಲಿಲ್ಲ. ಒಂದು ಮಗ್ಗುಲಿಗೆ ವಾಲಿ ನೋಡಿದಳು, ಇನ್ನೊಂದು ಮಗ್ಗುಲಿಗೆ ವಾಲಿದಳು, ಬೆನ್ನು ಒರಗಿಸಿ ಬಹಳ ಹೊತ್ತು ಹಾಗೇ ಇದ್ದಳು.

"ಎಲ್ಲಾದ್ರೂ ಚುಚ್ಚುತ್ತಾ ತಾಯಿ?"

"ಇಲ್ಲ. ನಮ್ಮನೆಯವರಿಗೆ ಲಕ್ವ ಹೊಡೆದು ಎರಡು ವರ್ಷ ಆಯ್ತು. ಬೆಳಿಗ್ಗೆ ಕಿಟಕಿ ಹತ್ರ ಇದ್ರಲ್ಲಿ ಕೂರಿಸ್ತೀನಿ. ಚುಚ್ಚಿದ್ರೂ ಅವರು ಬಾಯಿ ಬಿಟ್ಟು ಹೇಳಂಗಿಲ್ಲ. ಅದಕ್ಕೆ ನಾನೇ ಕೂತು ತಿಳ್ಕೋಬೇಕು."

ಬೆತ್ತದಣ್ಣನಿಗೆ ಮಾತು ಹೊರಡಲಿಲ್ಲ. ಮೂರು, ಎಂಟು, ಸೊನ್ನೆ, ಬಳೆ ಎಂದು ಒತ್ತಿ ಮಷಿನ್ ಚಾಚಿದ. ಕುಂಯ್ ಅಂದಿತು. ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿದ. ಒಂಬತ್ತು ದಿನದಲ್ಲಿ ಆ ಮೊಳೆಗೆ ಹನ್ನೊಂದು ಚೀಟಿಯಾದವು. ಹೋಗಿ ಬಂದು ಅದನ್ನೊಮ್ಮೆ ಬೆರಳಲ್ಲಿ ಮುಟ್ಟಿ ದಪ್ಪ ನೋಡುವುದು ಅವನಿಗೆ ಚಟವೇ ಆಗಿಬಿಟ್ಟಿತು.

ಒಂಬತ್ತನೆಯ ದಿನ ತಂಗಿ ಬಂದಳು. ಗುಡಿಸಿದಳು, ನೀರು ಬದಲಿಸಿದಳು. "ಎಲ್ಲಿ, ನಿನ್ನ ಸಂಪಾದನೆ ನೋಡೋಣ" ಎಂದು ಮೊಳೆಯಿಂದ ಚೀಟಿ ಕಿತ್ತಳು. ಕಾಗದ ಸರಸರ ಅಂದಿತು. 

"ಅಣ್ಣ, ಹಲ್ಲಿನ ಡಾಕ್ಟ್ರ ಹತ್ರ ಎಷ್ಟು ತಗೊಂಡೆ?"

"ಎರಡು ಕುರ್ಚಿ. ಒಂಬೈನೂರು."

"ಒಂಬತ್ತು ಅಂತಿದೆ."

"ಒಂಬೈನೂರು ಕಣೇ. ಎರಡು ಸೊನ್ನೆ ನಾನೇ ಒತ್ತಿದೀನಿ."

"ಒಂಬತ್ತು, ಚುಕ್ಕೆ, ಆಮೇಲೆ ಎರಡು ಸೊನ್ನೆ." ಅವಳು ಮುಂದಿನ ಚೀಟಿ ತೆಗೆದಳು. "ನಾಲ್ಕು ಐವತ್ತು. ಮೂರು ಎಂಬತ್ತು. ನಾಲ್ಕು. ಅಯ್ಯೋ ಅಣ್ಣ! ಕೊನೇ ಎರಡು ಅಂಕಿ ಚಿಲ್ಲರೆಗೆ ಹೋಗುತ್ತೆ. ನೂರು ಅಂದ್ರೆ ಒಂದರ ಮುಂದೆ ನಾಲ್ಕು ಸೊನ್ನೆ ಒತ್ತಬೇಕು. ಆ ಬ್ಯಾಂಕಿನವಳು ಹೇಳ್ಲಿಲ್ವಾ?"

 ಒಂಬತ್ತು ದಿನದ ದುಡಿಮೆಯನ್ನೆಲ್ಲ ಗುಡ್ಡೆ ಹಾಕಿದರೆ ಒಂದು ಬಟ್ಟೆ ಸೋಪು ಬರುತ್ತಿತ್ತು, ಮೇಲೆ ಒಂದು ಬೆಂಕಿಪೊಟ್ಟಣ.

"ಹನ್ನೊಂದು ಜನ," ಎಂದಳು ತಂಗಿ.  "ಹನ್ನೊಂದು ಜನರ ಕಣ್ಣ ಮುಂದೆ ಹಿಡಿದಿದ್ದೀಯ. ಒಬ್ಬರಾದ್ರೂ ಬಾಯಿ ಬಿಟ್ರಾ? ಎಂಥ ಜನ ಇವರು!"

"ಎಲ್ಲರೂ ನೋಡಿರಲ್ಲ ಪುಟ್ಟಿ. ತಾಗಿಸ್ತಾರೆ, ಹೋಗ್ತಿರ್ತಾರೆ."

ಹಾಗೆ ಹೇಳುವಾಗಲೇ ಅವನಿಗೆ ಡಾಕ್ಟರ ಬೂಟಿನ ಸದ್ದು ನೆನಪಾಯಿತು. ನಾಲ್ಕು ಹೆಜ್ಜೆ ಹೋಗಿ, ನಿಂತು, ಮತ್ತೆ ಹೋದದ್ದು. ಡಾಕ್ಟರು ನೋಡಿದ್ದರು. ನೋಡಿ, ನಿಂತು, ಏನನ್ನೋ ತೂಗಿದ್ದರು. ದುಡ್ಡು ಹೋದದ್ದಕ್ಕಿಂತ ಅದು ಅವನನ್ನು ಹೆಚ್ಚು ಕೊರೆಯಿತು. ಆಸೆಗೆ ಸುಮ್ಮನಿದ್ದರೆ ಡಾಕ್ಟರು ಕಳ್ಳರಾದರು. ಪಾಪ, ಕಾಣದವನಿಗೆ ಏಕೆ ಹೇಳಿ ನೋಯಿಸುವುದು ಎಂದು ಸುಮ್ಮನಿದ್ದರೆ ತಾನು ಭಿಕ್ಷುಕನಾದ. ಎರಡರಲ್ಲಿ ಯಾವುದು ನಿಜವಾಗಿರಲಿ ಎಂದು ಬಯಸಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ಇನ್ನು ತಿಂಗಳು ತುಂಬೋವರೆಗೆ ಯಾಕೆ? ನಾಳೆನೇ ನಮ್ಮನೆಯವರಿಗೆ ಗಾಡಿ ತರೋಕೆ ಹೇಳ್ತೀನಿ."

"ಇನ್ನೂ ಮೂರು ವಾರ ಇದೆ. ಮಾತು ಅಂದ್ರೆ ಮಾತು."

ತಂಗಿ ಚೀಟಿಗಳನ್ನು ವಾಪಸು ಮೊಳೆಗೆ ಚುಚ್ಚಿದಳು. "ಆಯ್ತು. ಹಾಗಾದ್ರೆ ನಾಳೆ ನಮ್ಮಂಗಡೀನ ಅವರೇ ನೋಡ್ಕೊಳ್ಲಿ, ನಾನು ಇಲ್ಲಿರ್ತೀನಿ. ನೀನು ಹೇಗೆ ಒತ್ತುತ್ತೀಯ, ಬಂದವರು ಹೇಗೆ ಬಾಯಿ ಮುಚ್ಕೊಂಡು ಹೋಗ್ತಾರೆ, ಎರಡೂ ನೋಡೇಬಿಡ್ತೀನಿ."

ಮರುದಿನ ಬೆಳಿಗ್ಗೆ ಅವಳು ಹೇಳಿದಂತೆ ಬಂದು ಗೋಡೆಯ ಬಳಿ ನಿಂತಳು. ಬಾಗಿಲು ತೆಗೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಚಪ್ಪಲಿಯ ಪಟಪಟ ಸದ್ದು ಮೆಟ್ಟಿಲು ಹತ್ತಿತು. ಹಿಂದೆಯೇ ಗಂಜಿಯ ವಾಸನೆ. ಬೆತ್ತದಣ್ಣ ಎದ್ದು ನಿಂತ. ಕೈಕುರ್ಚಿ ಒಯ್ದ ದಿನ ಈ ಕಾಲುಗಳು ಇಷ್ಟು ಜೋರಾಗಿ ನಡೆದಿರಲಿಲ್ಲ.

"ನಾನು ನಿಮ್ಮ ಹತ್ರ ಏನಾದ್ರೂ ಬೇಡಿದ್ನಾ?" ಎಂದಳು ಲಾಂಡ್ರಿಯಾಕೆ.

"ತಾಯಿ..."

"ಮಾತಿಗೆ ಮಾತು ಬಂತು ಅಂತ ಗಂಡನ ವಿಷಯ ಹೇಳಿದೆ. ನೀವು ಗಪ್ಪಾದ್ರಿ. ಮೂರು ಎಂಬತ್ತು ಒತ್ತಿದ್ರಿ. ಮನೆಗೆ ಹೋಗಿ ಫೋನಲ್ಲಿ ಮೆಸೇಜ್ ನೋಡ್ತೀನಿ, ಮೂರು ಎಂಬತ್ತು! ಪುಕ್ಕಟೆ ಅಂದ್ರೆ ನಾನು ಬೇಡ ಅಂತೀನಿ ಅಂತ ಕಾಟಾಚಾರಕ್ಕೆ ಅಷ್ಟು ಹಾಕಿದ್ರಿ, ಅಲ್ವಾ? ಏಳು ದಿನ ಆಯ್ತು, ಇಸ್ತ್ರಿ ಮಾಡ್ತಾ ಮಾಡ್ತಾ ನಿಮ್ಮನ್ನೇ ಬೈಕೋತಿದೀನಿ. ನಾನು ದಿನಕ್ಕೆ ನೂರು ಬಟ್ಟೆ ಉಜ್ಜೋಳು. ನನಗೇನು ಕೈ ಬಿದ್ದುಹೋಗಿದೆಯಾ? ಅವರನ್ನ ಆ ಕುರ್ಚೀಲಿ ಕೂರಿಸಿದಾಗೆಲ್ಲ ಯಾರದೋ ಮನೇ ಕುರ್ಚಿ ಅನ್ಸುತ್ತೆ."

 ಬೆತ್ತದಣ್ಣ ಕೌಂಟರಿನ ಅಂಚನ್ನು ಹಿಡಿದುಕೊಂಡ. ಸುಲಭದ ದಾರಿ ಒಂದಿತ್ತು. ತಪ್ಪಾಯಿತು ತಾಯಿ ಎಂದು ಕೈಮುಗಿದು, ಬಾಕಿ ತೆಗೆದುಕೊಂಡು, ಕಳಿಸಿಬಿಡಬಹುದಿತ್ತು. ಕನಿಕರ ಪಟ್ಟ ದೊಡ್ಡ ಮನುಷ್ಯ ಎಂಬ ಹೆಸರೂ ಉಳಿಯುತ್ತಿತ್ತು, ದುಡ್ಡೂ ಬರುತ್ತಿತ್ತು. ಆದರೆ ಕುರ್ಚಿ ಅವಳದಾಗುತ್ತಿರಲಿಲ್ಲ. ಆ ಉರಿ ಎಂಥದೆಂದು ಅವನಿಗೆ ಗೊತ್ತಿತ್ತು, ನಿನ್ನೆಯಿಂದ ಅವನೂ ಅದರಲ್ಲೇ ಬೇಯುತ್ತಿದ್ದ. ಅದನ್ನು ಆರಿಸಬೇಕಾದರೆ ಹೇಳಬೇಕಾದ ಮಾತು ಒಂದೇ. ಮೂವತ್ತು ವರ್ಷ ಈ ಕೌಂಟರಿನ ಹಿಂದೆ ನಿಂತು ಒಬ್ಬ ಗಿರಾಕಿಗೂ ಹೇಳದ ಮಾತು. ಅದನ್ನು ಈಗ ತಂಗಿ ಕೇಳುವಂತೆ ಹೇಳಬೇಕಾಗಿತ್ತು.

"ನನಗೆ ನಿಮ್ಮ ಮೇಲೆ ಕನಿಕರ ಬರ್ಲಿಲ್ಲ ತಾಯಿ," ಎಂದ. "ನನಗೆ ಪರದೆ ಕಾಣಲ್ಲ. ಕಾಣದೆ ತಪ್ಪು ಒತ್ತಿದೆ. ಕೊನೇ ಎರಡು ಅಂಕಿ ಚಿಲ್ಲರೆಗೆ ಹೋಗುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನಿಮಗೊಬ್ಬರಿಗೇ ಅಲ್ಲ, ಹನ್ನೊಂದು ಜನಕ್ಕೆ ಹೀಗೇ ಮಾಡಿದೀನಿ. ಹಲ್ಲಿನ ಡಾಕ್ಟ್ರ ಹತ್ರ ಎರಡು ಕುರ್ಚಿಗೆ ಒಂಬತ್ತು ತಗೊಂಡೆ. ಅವರಿಗೇನು ಕಷ್ಟ ಇದೆ ಅಂತ ನಾನು ಕನಿಕರ ಪಡ್ಲಿ, ಹೇಳಿ?"

 ಗೋಡೆಯ ಕಡೆ ತಂಗಿಯ ಕೈಬಳೆ ಒಮ್ಮೆ ಸದ್ದು ಮಾಡಿತು.

"ಒಂಬತ್ತಾ?" ಎಂದಳು ಲಾಂಡ್ರಿಯಾಕೆ. "ಆ ಪುಣ್ಯಾತ್ಮ ನನ್ನ ಒಂದು ದವಡೆಹಲ್ಲು ಕೀಳೋಕೆ ಎರಡು ಸಾವಿರ ಇಸ್ಕೊಂಡ!"

ಮೊದಲು ಅವಳಿಗೇ ನಗು ಬಂತು. ಮೂಗಿನಿಂದ ಪುಸ್ಸೆಂದು ಹೊರಟ ನಗು ಆಮೇಲೆ ತಡೆಯಲಾರದೆ ಹೊಟ್ಟೆಯಿಂದ ಬಂತು. ಬೆತ್ತದಣ್ಣನೂ ನಕ್ಕ. ಗೋಡೆಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಕೆಮ್ಮಲ್ಲ ಅದು ಎಂದು ಅವನಿಗೆ ಗೊತ್ತಾಯಿತು.

"ತನ್ನಿ ಆ ಮಷಿನ್ನ," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ.

ಮೂರು ಒತ್ತಿದ. ಎಂಟು ಒತ್ತಿದ. ಸೊನ್ನೆಗಳ ಹತ್ತಿರ ಬೆರಳಿಗೆ ಲೆಕ್ಕ ತಪ್ಪಿತು. ಮೂರು ಸಲ ಒತ್ತಿದೆನೋ ನಾಲ್ಕು ಸಲವೋ? ನಿನ್ನೆಯವರೆಗೆ ಇಂಥ ಸಂಶಯ ಅವನ ಹತ್ತಿರ ಸುಳಿದಿರಲಿಲ್ಲ. ಬಳೆಯ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತದೆ ತಡೆದ. ಮಷಿನನ್ನು ಅವಳ ಕಡೆಗೆ ತಿರುಗಿಸಿದ.

"ಎಷ್ಟು ತೋರಿಸ್ತಿದೆ? ಗಟ್ಟಿಯಾಗಿ ಓದಿ."

"ಮೂರು ಸಾವಿರದ ಎಂಟುನೂರು," ಎಂದು ಓದಿ ಅವಳು ಮತ್ತೆ ನಕ್ಕಳು. "ಅವತ್ತು ಅಷ್ಟು ಕಮ್ಮಿ, ಇವತ್ತು ಇಷ್ಟು ಜಾಸ್ತಿ! ಒಂದು ಸೊನ್ನೆ ಹೆಚ್ಚಾಯ್ತು ಕಣ್ರೀ. ಅಳಿಸಿ."

ಗೀಟಿನ ಗುಂಡಿ ಒತ್ತಿ, ಮೊದಲಿಂದ ಶುರುಮಾಡಿದ.

"ಈಗ?"

"ಮುನ್ನೂರ ಎಂಬತ್ತು. ಮುಂದೆ ಎರಡು ಸೊನ್ನೆ ಚಿಲ್ಲರೆ. ಸರಿಯಾಗಿದೆ."

ಕುಂಯ್ ಅಂದಿತು. ಚೀಟಿ ಬೆಚ್ಚಗೆ ಬೆರಳಿಗೆ ಬಂತು.

"ಮೊದಲು ಕೊಟ್ಟ ಮೂರು ಎಂಬತ್ತು ವಾಪಸ್ ಕೊಡ್ಬೇಕಲ್ಲ," ಎಂದ.

"ಇರ್ಲಿ ಬಿಡಿ. ಏಳು ದಿನ ನಿಮ್ಮನ್ನ ಬೈದಿದ್ದಕ್ಕೆ ಅದು." ಅವಳ ಚಪ್ಪಲಿ ಬಾಗಿಲವರೆಗೆ ಹೋಗಿ ನಿಂತಿತು. "ನೋಡಿ, ನಿಮಗೆ ಕಾಣಲ್ಲ ಅಂತ ನನಗೆ ಗೊತ್ತಿಲ್ದೇ ಏನಲ್ಲ. ಆದ್ರೂ ನೀವು ತಪ್ಪು ಒತ್ತಿರ್ತೀರಿ ಅಂತ ಈ ತಲೇಗೆ ಹೊಳೀಲೇ ಇಲ್ಲ. ಆ ಥರ ಹೆಣೆದೋರು ತಪ್ಪು ಮಾಡ್ತಾರೆ ಅಂತ ಯಾರಿಗೆ ಹೊಳೀಬೇಕು?"

ಅವಳು ಹೋದ ಮೇಲೂ ಆ ಮಾತು ಅಂಗಡಿಯಲ್ಲಿ ಉಳಿಯಿತು. ಬೆತ್ತದಣ್ಣ ಬೋಗುಣಿಯ ಮುಂದೆ ಕೂತು ಸುಮ್ಮನೆ ನೀರಿನಲ್ಲಿ ಕೈಯಾಡಿಸಿದ. ಕಣ್ಣು ಒದ್ದೆಯಾದದ್ದನ್ನು ತಂಗಿ ನೋಡಿದಳೋ ಇಲ್ಲವೋ, ಅವಳು ಪೊರಕೆ ಹಿಡಿದು ಗುಡಿಸತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಇನ್ನಿಬ್ಬರು ಬಂದರು. ಇಬ್ಬರಿಗೂ ಅವನು "ಗಟ್ಟಿಯಾಗಿ ಓದಿ" ಎಂದ, ಇಬ್ಬರೂ ಶಾಲೆಯ ಮಕ್ಕಳ ಹಾಗೆ ಓದಿದರು. ಸಂಜೆ ಹೊರಡುವಾಗ ತಂಗಿ ಗಾಡಿಯ ಮಾತು ಎತ್ತಲಿಲ್ಲ. ಬಿಟ್ಟೆನೆಂದೂ ಹೇಳಲಿಲ್ಲ.

ಹಲ್ಲಿನ ಡಾಕ್ಟರು ಆ ವಾರದ ಕೊನೆಗೆ ಬಂದರು. "ಮೊನ್ನೆ ಸುಮ್ನೆ ಮೆಸೇಜ್ ನೋಡ್ತಿದ್ದೆ, ಆಗ ಕಣ್ಣಿಗೆ ಬಿತ್ತು ನೋಡಿ" ಎಂದು ಕಾರ್ಡ್ ತೆಗೆದರು. ಅವರ ಬೂಟು ಅವತ್ತೇ ಬೇರೆ ಮಾತು ಹೇಳಿತ್ತು. ಬೆತ್ತದಣ್ಣ ಅದನ್ನು ಹೊಟ್ಟೆಗೆ ಹಾಕಿಕೊಂಡು, ಮೊದಲು ಬಂದಿದ್ದ ಒಂಬತ್ತನ್ನು ಕಳೆದು ಬಾಕಿ ಒತ್ತಿ, "ಓದಿ ಡಾಕ್ಟ್ರೇ" ಎಂದ. ಡಾಕ್ಟರು ಗಂಟಲು ಸರಿಮಾಡಿಕೊಂಡು ಎಂಟುನೂರ ತೊಂಬತ್ತೊಂದು ಎಂದು ಓದಿದರು, ಆಮೇಲೆ ತಾವಾಗಿಯೇ ಚಿಲ್ಲರೆಯ ಎರಡು ಸೊನ್ನೆಯನ್ನೂ ಓದಿದರು. ಅವರಾದ ಮೇಲೆ ಮತ್ತೂ ಮೂವರು ಬಂದರು. ಉಳಿದ ಆರು ಜನ ಬರಲಿಲ್ಲ. ಗಿರಾಕಿಗಳ ನಂಬರು ಬರೆದಿಡುವ ಅಭ್ಯಾಸ ಅವನಿಗಿರಲಿಲ್ಲ, ಆದರೆ ಆ ಆರು ಕುರ್ಚಿಗಳ ಕಾಲು, ಬೆನ್ನು, ಎಲ್ಲೆಲ್ಲಿ ಉಳಿ ತಾಗಿ ಚಕ್ಕೆ ಎದ್ದಿದೆ ಎಂಬುದೆಲ್ಲ ಅವನ ಬೆರಳಿನಲ್ಲಿತ್ತು. ಹೆಣಿಗೆ ಹರಿದು ಮತ್ತೆ ಬಂದರೆ ಹಿಡಿದುಬಿಡಬಹುದಿತ್ತು. ಚೆನ್ನಾಗಿ ಹೆಣೆದದ್ದೇ ತಪ್ಪಾಯಿತು. ಇನ್ನು ಹದಿನೈದು ವರ್ಷ ಕಾಯಬೇಕು ಎಂದು ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಆದರೆ ತಿಂಗಳು ತುಂಬುವ ದಿನ ಬೆಳಗಿನಿಂದ ಅವನಿಗೆ ನಗು ಬರಲಿಲ್ಲ. ಪ್ರತಿ ಗಾಡಿಯ ಸದ್ದಿಗೂ ಕಿವಿ ನಿಮಿರುತ್ತಿತ್ತು. ತಂಗಿಯ ಊಟದ ಮೇಜಿನ ಕುರ್ಚಿಯನ್ನು ಮುಂಚಿನ ರಾತ್ರಿಯೇ ಮುಗಿಸಿದ್ದ. ಅಂಚಿನ ಪಟ್ಟಿಯನ್ನು ಸುಮ್ಮಸುಮ್ಮನೆ ಮೂರು ಸಲ ಸವರಿ ನೋಡಿದ.

ತಂಗಿ ನಡೆದೇ ಬಂದಳು. ಗುಡಿಸಿದಳು. ನೀರು ಬದಲಿಸಿದಳು. ಮೊಳೆಯ ಹತ್ತಿರ ಹೋಗಿ ಚೀಟಿಗಳನ್ನು ಒಂದೊಂದಾಗಿ ತಿರುವಿದಳು. ಬಹಳ ಹೊತ್ತು ತಿರುವಿದಳು.  

"ನನ್ನ ಕುರ್ಚಿ ಆಯ್ತಾ?" ಎಂದಳು.

"ಆಗಿದೆ. ತಗೊಂಡು ಹೋಗು."

ಅವಳು ಕುರ್ಚಿಯನ್ನು ಎತ್ತಿದ್ದು ಕೇಳಿಸಿತು. ಹೆಜ್ಜೆ ಬಾಗಿಲ ಕಡೆ ಹೋಯಿತು. ನಿಂತಿತು. ಕುರ್ಚಿಯ ನಾಲ್ಕು ಕಾಲು ಮತ್ತೆ ನೆಲಕ್ಕೆ ತಾಗಿದವು.

"ಎಷ್ಟಾಯ್ತು?"

"ಏನು ಎಷ್ಟು?"

"ಕುರ್ಚಿಗೆ."

ಬೆತ್ತದಣ್ಣನ ಕೈಯಿಂದ ಎಳೆ ಪೋಣಿಸುವ ದಬ್ಬಳ ಜಾರಿತು. ಅದನ್ನು ನೆಲದ ಮೇಲೆ ತಡವಿ ಹುಡುಕಿಕೊಂಡು, ಪಕ್ಕಕ್ಕಿಟ್ಟು, ಎದ್ದು ಬಂದು ಕುರ್ಚಿಯನ್ನು ಅಂಗಡಿಯ ನಡುವಿಗೆ ಎಳೆದಿಟ್ಟ.

"ದುಡ್ಡಿನ ಮಾತು ಆಮೇಲೆ," ಎಂದ. "ಮೊದಲು ಕೂತು ನೋಡಿ."

ತಂಗಿ ಕೂತಳು. ಹೆಣಿಗೆ ಒಮ್ಮೆ ಮೆಲ್ಲಗೆ ನರಳಿತು. ಅವನು ತಲೆ ಓರೆ ಮಾಡಿ ಕಾದ. ಎರಡನೇ ಸದ್ದು ಬರಲಿಲ್ಲ. ಅವಳ ಚಪ್ಪಲಿ ಕಾಲಿನಿಂದ ಕಳಚಿ ನೆಲಕ್ಕೆ ಬಿತ್ತು, ಒಂದು, ಆಮೇಲೆ ಇನ್ನೊಂದು. ಅವಳು ಉದ್ದಕ್ಕೆ ಉಸಿರು ಬಿಟ್ಟಳು.

"ನಾನ್ನೂರು," ಎಂದ.

"ತಂಗಿ ಅಂತ ಏನೂ ಬಿಡಲ್ವಾ?"

"ಇಲ್ಲ."

ಪರ್ಸಿನ ಗುಂಡಿ ಟಕ್ಕೆಂದಿತು. ಅವನು ಚುಕ್ಕೆಯನ್ನು ಹುಡುಕಿ, ಎಡಕ್ಕೆ ಸರಿದು ನಾಲ್ಕನ್ನು ಒತ್ತಿ, ಸೊನ್ನೆಗೆ ಇಳಿದು ನಾಲ್ಕು ಸಲ ಒತ್ತಿದ. ಮಷಿನನ್ನು ಅವಳ ಕಡೆ ಹಿಡಿದ.

"ಓದು ಪುಟ್ಟಿ."

 ಅವಳು ಒಂದೊಂದನ್ನೇ ಬಿಡಿಬಿಡಿಯಾಗಿ, ಬೀದಿಯ ಬೋರ್ಡು ಓದುವ ಹಾಗೆ ಓದಿದಳು. "ನಾಲ್ಕು. ಸೊನ್ನೆ. ಸೊನ್ನೆ. ಚುಕ್ಕೆ. ಸೊನ್ನೆ. ಸೊನ್ನೆ."

ಕುಂಯ್ ಅಂದಿತು. ಬೆಚ್ಚಗಿನ ಚೀಟಿಯನ್ನು ಹರಿದು ಅವನು ಮೊಳೆಗೆ ಚುಚ್ಚಿದ. ಬೋಗುಣಿಯ ಮುಂದೆ ಕೂತು, ನೆನೆದ ಎಳೆಯೊಂದನ್ನು ಎತ್ತಿ, ಹೆಬ್ಬೆರಳಲ್ಲಿ ಅದರ ನುಣ್ಣನೆಯ ಮೈ ಹುಡುಕಿದ. ತಂಗಿ ಇನ್ನೂ ಎದ್ದಿರಲಿಲ್ಲ.